ಚೆನ್ನಕ್ಕ ಹಗ್ಗ ಎಳೆದ ಬೇಸಿಗೆ

ಪುತ್ತೂರಿನ ಕೆಳಕೇರಿಯಲ್ಲಿ ಚೆನ್ನಕ್ಕನ ಮನೆ ಯಾವುದು ಅಂತ ಕೇಳಿದರೆ ಯಾರೂ ನೇರವಾಗಿ ಮನೆ ತೋರಿಸುತ್ತಿರಲಿಲ್ಲ. ಮೊದಲು ಕತೆ ಹೇಳುತ್ತಿದ್ದರು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿದ್ದುತ್ತಿದ್ದ. ಹಗ್ಗಕ್ಕೆ ಕೈ ಹಾಕಿದ ಹೆಂಗಸರು ಹನ್ನೆರಡು ಅಂತ ಒಬ್ಬ, ಇಪ್ಪತ್ತು ಅಂತ ಇನ್ನೊಬ್ಬ, ಆ ದಿನ ಮಳೆಯೇ ಬಂದಿರಲಿಲ್ಲ ಅಂತ ಮತ್ತೊಬ್ಬ. ಮಳೆ ಬಂದಿರಲಿಲ್ಲ ಅಂದವನು ಅವತ್ತು ಕಾಸರಗೋಡಿನಲ್ಲಿ ಮದುವೆ ಊಟ ಉಣ್ಣುತ್ತಿದ್ದ, ಅವನ ಮಾತು ಬಿಡಿ. ಮಳೆ ಬಂದಿತ್ತು. ಹೆಂಗಸರು ಹನ್ನೆರಡೇ ಜನ ಇದ್ದರು.

ಚೆನ್ನಕ್ಕ, ಆಗಿನ್ನೂ ಬರೀ ಚೆನ್ನು, ಹುಟ್ಟಿದ್ದು ಪಂಜದ ಕಡೆಯ ಒಂದು ಹಳ್ಳಿಯಲ್ಲಿ. ಎಂಟು ವರ್ಷಕ್ಕೆಲ್ಲ ಅಮ್ಮನ ಸೊಂಟದ ಪಕ್ಕ ಬಗ್ಗಿ ನೇಜಿ ನೆಡಲು ಗದ್ದೆಗೆ ಇಳಿದವಳು. ಭತ್ತದ ಸಸಿಯನ್ನು ಕೆಸರಿಗೆ ಊರುತ್ತಾ ಹೆಂಗಸರ ಸಾಲು ಹಿಂದೆ ಹಿಂದೆ ಹೋಗುತ್ತದಲ್ಲ, ಆ ಸಾಲಿಗೆ ಒಬ್ಬಳು ಹಾಡು ಎತ್ತಿಕೊಡಬೇಕು, ಉಳಿದವರು ಹಿಡಿದುಕೊಳ್ಳಬೇಕು. ಹಾಡು ನಿಂತರೆ ಸಾಲು ಸೊಟ್ಟ, ಸಾಲು ಸೊಟ್ಟವಾದರೆ ಗದ್ದೆಯ ಯಜಮಾನನ ಬಾಯಿ ಕೇಳಬೇಕು. ಹದಿನಾರು ತುಂಬುವಾಗ ಆ ಊರಿನಲ್ಲಿ ಹಾಡು ಎತ್ತಿಕೊಡುವವಳು ಚೆನ್ನುವೇ. ಮೂರು ಗದ್ದೆ ಆಚೆಯಿಂದ ಅವಳ ಗಂಟಲು ಕೇಳುತ್ತಿತ್ತು. ತ್ಯಾಂಪಣ್ಣ ಹೆಣ್ಣು ನೋಡಲು ಬಂದವನು ಅವಳನ್ನು ಮೊದಲು ಕೇಳಿದ್ದು, ಆಮೇಲೆ ನೋಡಿದ್ದು.

ಮದುವೆಯಾಗಿ ನಾಲ್ಕು ವರ್ಷಕ್ಕೆ ಇಬ್ಬರೂ ಪುತ್ತೂರಿಗೆ ಬಂದರು. ತ್ಯಾಂಪಣ್ಣನಿಗೆ ಅಡಿಕೆ ಮಂಡಿಯಲ್ಲಿ ಲಾರಿಗೆ ಮೂಟೆ ಹೊರುವ ಕೆಲಸ. ಚೆನ್ನು ಕೇರಿಯ ಉಳಿದ ಹೆಂಗಸರ ಹಾಗೆ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಲು ಕಲಿತಳು. ಪೇಟೆಗೆ ಬಂದ ಮೇಲೆ ಒಂದು ದಿನವೂ ಹಾಡಲಿಲ್ಲ. ಅದಕ್ಕೆ ಕಾರಣ ದೊಡ್ಡ ದುಃಖ ಏನೂ ಅಲ್ಲ, ನಾಚಿಕೆ. ಕೆಳಕೇರಿಯ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಸುಳ್ಯ, ಕಡಬ, ಪಂಜದ ಗದ್ದೆಗಳಿಂದ ಬಂದವರೇ. ಆದರೆ ಪೇಟೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಒಂದು ಮರ್ಯಾದೆ, ಕೆಸರಿನಲ್ಲಿ ಬಗ್ಗಿ ಮಾಡುವ ಕೆಲಸಕ್ಕೆ ಇನ್ನೊಂದು. ಹಾಗಾಗಿ ಯಾರ ಬಾಯಲ್ಲೂ ನೇಜಿಯ ಸುದ್ದಿ ಇಲ್ಲ. ಎಲ್ಲರೂ ಹುಟ್ಟುವಾಗಲೇ ತಡ್ಪೆ ಹಿಡಿದುಕೊಂಡು ಬಂದವರ ಹಾಗೆ ಕೂತಿರುತ್ತಿದ್ದರು.

ಕೇರಿಯ ಬೇಸಿಗೆಯೇ ಬೇರೆ. ಪೇಟೆಯ ಅಂಚಿನಲ್ಲಿ ಬೋಜಪ್ಪ ಗೌಡರ ಗದ್ದೆ ಇತ್ತು. ಎರಡನೇ ಬೆಳೆ ಕೊಯ್ದಾದ ಮೇಲೆ, ಏಪ್ರಿಲ್ ನಡುವಿನ ವಿಷು ಹಬ್ಬದಿಂದ ಹಿಡಿದು ಮಳೆಗಾಲದ ಉಳುಮೆಯವರೆಗೆ, ಆ ಗದ್ದೆ ಗೌಡರದ್ದಲ್ಲ, ಕೆಳಕೇರಿಯದ್ದು. ಒಂದು ಭಾನುವಾರ ಗಂಡಸರು ಸೇರಿ ಕೇರಿಯ ಬಾವಿಗೆ ಇಳಿದು ಕೆಸರು ತೆಗೆಯುತ್ತಿದ್ದರು. ಮತ್ತೊಂದು ದಿನ ಹೆಂಗಸರು ಗದ್ದೆಯಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು, ಕಾಗೆ ಓಡಿಸುವ ನೆಪದಲ್ಲಿ ಊರ ಸುದ್ದಿಯೆಲ್ಲ ಅಲ್ಲಿ ಒಣಗುತ್ತಿತ್ತು. ಸಂಜೆ ವಾಲಿಬಾಲ್. ಮೇ ತಿಂಗಳ ಎರಡನೇ ಭಾನುವಾರ ಆಟದ ಕೂಟ: ಓಟ, ಗೋಣಿಚೀಲದ ಓಟ, ಮಡಕೆ ಒಡೆಯುವುದು, ಕೊನೆಗೆ ಹಗ್ಗ ಜಗ್ಗಾಟ. ಗೆದ್ದವರಿಗೆ ಒಂದು ಬಾಳೆಗೊನೆ. ಆಡುವವರೆಲ್ಲ ಗಂಡಸರು, ಹುಡುಗರು. ಹೆಂಗಸರದ್ದು ಪಾಯಸ. ಕಾಯಿಸುವುದು, ಬಡಿಸುವುದು, ಪಾತ್ರೆ ತಿಕ್ಕುವುದು.

ಕೂಟ ನಡೆಸುತ್ತಿದ್ದವರು ಕುಶಾಲಪ್ಪ ಮಾಸ್ಟ್ರು. ಪೆನ್ಶನ್ ಆಗಿ ಆರು ವರ್ಷವಾಗಿದ್ದರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಕೊರಳಲ್ಲಿ ಸೀಟಿ, ಕೈಯಲ್ಲಿ ಪಟ್ಟಿ. ಕೆಟ್ಟ ಮನುಷ್ಯ ಖಂಡಿತ ಅಲ್ಲ. ಪಟ್ಟಿಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಅಂತ ತಿಳಿದವರು, ಅಷ್ಟೆ.

ಚೆನ್ನುವಿಗೆ ಇದ್ದದ್ದು ಒಬ್ಬಳೇ ಮಗಳು, ಸೇವಂತಿ. ಆ ಹುಡುಗಿಗೆ ನಡೆದು ಗೊತ್ತೇ ಇರಲಿಲ್ಲ. ಅಪ್ಪನಿಗೆ ಬುತ್ತಿ ಕೊಡಲು ಮಂಡಿಗೆ ಓಟ, ಬಾವಿಗೆ ಓಟ, ಶಾಲೆಗೆ ಓಟ. ಓಡುವುದರ ಜೊತೆಗೆ ಬಾಯಿಯೂ ಓಡುತ್ತಿತ್ತು. ಸಾವಿರದ ಒಂಬೈನೂರ ಐವತ್ತೆಂಟರ ಕೂಟದಲ್ಲಿ ಹುಡುಗರ ಓಟಕ್ಕೆ ಸೀಟಿ ಊದುವ ಮೊದಲು ಅವಳೂ ಹೋಗಿ ಗೆರೆಯ ಮೇಲೆ ನಿಂತಳು. ಕೇಳಬೇಕು ಅಂತಲೂ ಅವಳಿಗೆ ಹೊಳೆದಿರಲಿಲ್ಲ. ಮಾಸ್ಟ್ರು ಬಂದು, ಸಿಟ್ಟೇನೂ ಮಾಡದೆ, ಅವಳ ರಟ್ಟೆ ಹಿಡಿದು ಹೆಂಗಸರ ಕಡೆಗೆ ಕರೆದುಕೊಂಡು ಬಂದು ಪಾಯಸದ ಪಾತ್ರೆಯ ಹತ್ತಿರ ಕೂರಿಸಿದರು. "ಇಲ್ಲಿ ಕೂತು ನೋಡು ಮಗಾ" ಅಂದರು. ಇಡೀ ಗದ್ದೆ ನಕ್ಕಿತು. ಚೆನ್ನುವೂ, ಎಲ್ಲರೂ ನಕ್ಕಾಗ ನಗದಿದ್ದರೆ ಹೇಗೆ ಅಂತ, ಸ್ವಲ್ಪ ನಕ್ಕಳು. ಆ ನಗುವನ್ನು ಮಗಳು ನೋಡಿದಳು.

ಅಲ್ಲಿಂದ ಸೇವಂತಿ ಓಡುವುದು ನಿಂತಿತು. ಮಾತೂ ನಿಂತಿತು. ಕೇಳಿದ್ದಕ್ಕೆ ಹೂಂ, ಉಂಹೂಂ. ಏಳನೇ ಕ್ಲಾಸು ಮುಗಿಸಿ ತಾಯಿಯ ಪಕ್ಕ ತಡ್ಪೆ ಹಿಡಿದು ಕೂತಳು. ನೆರೆಮನೆಯವರು ಹುಡುಗಿಗೆ ಈಗ ಬುದ್ಧಿ ಬಂತು, ಗಂಭೀರ ಆದಳು ಅಂತ ಹೊಗಳಿದರು. ಹೊಗಳಿಕೆ ಕೇಳಿದಾಗಲೆಲ್ಲ ಚೆನ್ನುವಿಗೆ ತಾನು ನಕ್ಕದ್ದು ನೆನಪಾಗುತ್ತಿತ್ತು. ಮಗಳಿಗೆ ಹದಿಮೂರು ವರ್ಷ. ಇನ್ನೊಂದು ವರ್ಷಕ್ಕೆ ದೊಡ್ಡವಳಾದರೆ ಮುಗಿಯಿತು, ಆಮೇಲೆ ತಾಯಿಯೇ ಓಡು ಅಂದರೂ ಕೇರಿ ಓಡಲು ಬಿಡುವುದಿಲ್ಲ. ಓಡುವುದಿದ್ದರೆ ಈ ಬೇಸಿಗೆಯಲ್ಲಿ ಓಡಬೇಕು.

ಮರುವರ್ಷ, ಐವತ್ತೊಂಬತ್ತರ ಏಪ್ರಿಲ್ ಕೊನೆಗೆ, ಭಜನಾ ಮಂದಿರದ ಜಗಲಿಯಲ್ಲಿ ಕೂಟದ ಮೀಟಿಂಗ್ ಸೇರಿತ್ತು. ಚೆನ್ನು ಕೈ ಒರೆಸಿಕೊಂಡು ಹೋಗಿ ಮೆಟ್ಟಿಲಿನ ಕೆಳಗೆ ನಿಂತಳು. ಜೊತೆಗೆ ದುಗ್ಗಮ್ಮ. ದುಗ್ಗಮ್ಮನಿಗೆ ಐವತ್ತೈದು ದಾಟಿತ್ತು. ದೇಹ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು.

"ಮಾಸ್ಟ್ರೇ, ಹೆಣ್ಣು ಮಕ್ಕಳಿಗೂ ಒಂದು ಓಟ ಇಡಿ" ಅಂದಳು ಚೆನ್ನು.

ಮಾಸ್ಟ್ರು ಪಟ್ಟಿ ನೋಡಿದರು. "ಬಿದ್ದು ಕೈಕಾಲು ಮುರಿದ್ರೆ ನಾಳೆ ಮದುವೆ ಆಗುದು ಬೇಡ್ವಾ? ಅಪ್ಪ ಅಮ್ಮ ಬಂದು ನನ್ನನ್ನು ಕೇಳ್ತಾರೆ, ನಿನ್ನನ್ನಲ್ಲ."

"ಹುಡುಗರು ಬಿದ್ರೆ ಮುರಿಯುದಿಲ್ವಾ?" ದುಗ್ಗಮ್ಮ ಕೇಳಿದಳು.

"ಇವತ್ತು ಓಟ ಕೇಳ್ತೀರಿ. ನಾಳೆ ಹಗ್ಗ ಎಳಿಯುದಕ್ಕೂ ಬರ್ತೀರಿ" ಅಂದರು ಮಾಸ್ಟ್ರು. ಜಗಲಿಯಲ್ಲಿದ್ದವರು ಗೊಳ್ಳೆಂದರು.

ಅದೇ ನಗು. ಹೋದ ವರ್ಷ ಗದ್ದೆಯಲ್ಲಿ ಎದ್ದ ನಗು. ಈ ಸಲ ಚೆನ್ನು ಅದರಲ್ಲಿ ಸೇರಲಿಲ್ಲ. "ಬರ್ತೇವೆ" ಅಂದಳು. "ಹಗ್ಗ ಎಳೀತೇವೆ. ಗೆದ್ರೆ ಅವತ್ತೇ ಹೆಣ್ಣು ಮಕ್ಕಳ ಓಟ ಇಡ್ಬೇಕು."

"ಯಾರ ಹತ್ತಿರ ಎಳೀತೀರಿ ಮಾರಾಯ್ತಿ? ಬೇರೆ ಕೇರಿಯ ಹೆಂಗಸರು ಬರುದಿಲ್ಲ."

"ನಿಮ್ಮ ಹತ್ತಿರವೇ."

ಮಾಸ್ಟ್ರಿಗೂ ಆಗ ಹುಮ್ಮಸ್ಸು ಬಂತು. ನೀವು ಹನ್ನೆರಡು ಜನ, ನಾವು ಎಂಟು, ಮೂರರಲ್ಲಿ ಎರಡು ಎಳೆದವರು ಗೆದ್ದ ಹಾಗೆ ಅಂದರು. ಸೋತರೆ ಇನ್ನು ಯಾವತ್ತೂ ಈ ಮಾತು ಎತ್ತಬಾರದು ಅಂತಲೂ ಸೇರಿಸಿದರು. ತಮಾಷೆಗೇ ಅಂದದ್ದು. ಆದರೆ ಮೂಲೆಯಲ್ಲಿ ಕೂತಿದ್ದ ಸೋಡಾ ಅಂಗಡಿಯ ಮೂಸಕುಂಞಿ ಬಿಡಲಿಲ್ಲ. ಹಗ್ಗ ಜಗ್ಗಾಟಕ್ಕೆ ಯಾವಾಗಲೂ ತೀರ್ಪು ಕೊಡುತ್ತಿದ್ದವನು ಅವನು. "ಮಾಸ್ಟ್ರೇ, ನಾವು ಇಷ್ಟು ಜನ ಕೇಳಿದ್ದೇವೆ. ಪಟ್ಟಿಯಲ್ಲಿ ಬರೆಯಿರಿ" ಅಂದ. ಬರೆದ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ಮಾಸ್ಟ್ರು ತಮ್ಮ ಮಾತಿಗೆ ತಾವೇ ಸಿಕ್ಕಿಬಿದ್ದರು.

ಹೇಳಿ ಬಂದದ್ದು ಸುಲಭ. ಜನ ಸೇರಿಸುವುದಕ್ಕೆ ಚೆನ್ನುವಿಗೆ ಒಂದು ವಾರ ಹಿಡಿಯಿತು. ಒಬ್ಬಳಿಗೆ ಗಂಡನ ಹೆದರಿಕೆ, ಇನ್ನೊಬ್ಬಳಿಗೆ ಅತ್ತೆಯದು, ಮತ್ತೊಬ್ಬಳಿಗೆ ಸೀರೆ ಎಲ್ಲಿ ಜಾರುತ್ತದೋ ಎಂಬುದು. ದುಗ್ಗಮ್ಮ ಮನೆಮನೆಗೆ ಹೋಗಿ ಬೈದು, ಓಲೈಸಿ, ಒಂದೆರಡು ಕಡೆ ಸುಳ್ಳೂ ಹೇಳಿ ಹನ್ನೆರಡು ಮಾಡಿದಳು.

ಇನ್ನು ಕಲಿಯುವುದು. ಮಂಡಿಗೆ ಲಾರಿ ಓಡಿಸುವ ಅದ್ರಾಮನಿಂದ ಹಗ್ಗ ತಂದು ಬಾವಿಯ ಹಿಂದಿನ ಹಲಸಿನ ಮರಕ್ಕೆ ಕಟ್ಟಿದರು. ಕಲಿಸುವವನು ಯಾರು ಅಂತೀರಿ? ತ್ಯಾಂಪಣ್ಣ. ಕೆಳಕೇರಿ ತಂಡದಲ್ಲಿ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವವನು ಅವನೇ. ಅವನು ಊರಿದ ಹಿಮ್ಮಡಿ ಕೀಳಬೇಕಾದರೆ ಎದುರಿನವರಿಗೆ ಸಾಕುಸಾಕಾಗುತ್ತಿತ್ತು. ಕೂಟದ ದಿನ ಹೆಂಡತಿಗೆ ಎದುರಾಗಿ ನಿಲ್ಲಬೇಕಾದವನೂ ಅವನೇ. ಕೇರಿಗೆಲ್ಲ ಅದೇ ನಗೆಯಾಯಿತು. ತ್ಯಾಂಪಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಲಾರಿಗೆ ಮೂಟೆ ಎತ್ತುವವರು ಹಾಕುವ ಕೂಗು ಹಾಕಿದ. ಒಂದೊಂದು ಕೂಗಿಗೆ ಒಂದೊಂದು ಜಗ್ಗು. ಹೆಂಗಸರು ಜಗ್ಗಿದರು. ಮೊದಲ ಕೂಗಿಗೆ ನಾಲ್ಕು ಜನ, ಎರಡನೇದಕ್ಕೆ ಬೇರೆ ಐದು ಜನ, ಮೂರನೇದಕ್ಕೆ ಕೈ ಜಾರಿ ಎಲ್ಲರೂ ಒಬ್ಬರ ಮೇಲೊಬ್ಬರು. ನಾಲ್ಕು ದಿನ ಇದೇ. ಹಲಸಿನ ಮರ ಒಂದು ಎಲೆ ಸಹ ಉದುರಿಸಲಿಲ್ಲ.

ಐದನೇ ದಿನ ದುಗ್ಗಮ್ಮ ಸೊಂಟ ಹಿಡಿದುಕೊಂಡು ಕೂತುಬಿಟ್ಟಳು. "ಹಿಂದೆ ಹೋಗಿ, ಹಿಂದೆ ಹೋಗಿ ಅಂತ ಎಂತ ಬೊಬ್ಬೆ ನಿನ್ನ ಗಂಡನದ್ದು? ನಾವೆಂತ ಇಲ್ಲಿ ನೇಜಿ ನೆಡ್ಲಿಕ್ಕೆ ಬಂದದ್ದಾ?"

ಚೆನ್ನು ಪೇಟೆಗೆ ಬಂದ ಹದಿನಾಲ್ಕು ವರ್ಷದಲ್ಲಿ ಆ ಕೇರಿಯಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. ಚೆನ್ನು ಸಾಲಿನ ಕಾಲುಗಳನ್ನು ನೋಡಿದಳು. ಅಗಲವಾದ ಪಾದ, ಬೆರಳು ಬಿಡಿಸಿಕೊಂಡ ಪಾದ, ಕೆಸರಿನಲ್ಲಿ ಬೆಳೆದ ಪಾದ. ಹನ್ನೆರಡರಲ್ಲಿ ಒಂಬತ್ತು ಜೊತೆ ಹಾಗೇ ಇದ್ದವು. ಇಷ್ಟು ವರ್ಷ ಒಬ್ಬರಿಂದ ಒಬ್ಬರು ಮುಚ್ಚಿಟ್ಟದ್ದು ಎಂತ ಚಂದ ಅಂತ ಅವಳಿಗೆ ನಗು ಬಂತು.

"ದುಗ್ಗಕ್ಕ, ನೀವು ಎಲ್ಲಿ ನೆಟ್ಟದ್ದು?" ಕೇಳಿದಳು.

ದುಗ್ಗಮ್ಮ ಸೆರಗು ಸರಿಮಾಡಿಕೊಂಡಳು. "ಕಡಬದಲ್ಲಿ" ಅಂದಳು, ಕಳ್ಳತನ ಒಪ್ಪಿಕೊಂಡವಳ ಹಾಗೆ. ಆಮೇಲೆ ಒಬ್ಬೊಬ್ಬಳೇ ಬಾಯಿಬಿಟ್ಟಳು. ಒಬ್ಬಳು ಸುಳ್ಯದಲ್ಲಿ, ಇನ್ನೊಬ್ಬಳು ಸಂಪಾಜೆಯ ದಾರಿಯಲ್ಲಿ, ಅಕ್ಕತಂಗಿಯರಿಬ್ಬರು ಪಂಜದ ಪಕ್ಕದಲ್ಲೇ.

"ಹಾಗಾದ್ರೆ ಜಗ್ಗುದು ಬೇಡ" ಅಂದಳು ಚೆನ್ನು. "ಹಗ್ಗ ಗಟ್ಟಿ ಹಿಡ್ಕೊಳ್ಳಿ, ಸಾಕು. ನಾವು ಹಿಂದೆ ಹೋಗುವ. ದಿನವಿಡೀ ಹೋದವರು ನಾವು."

ಮೆಲ್ಲಗೆ, ಗುನುಗಿದ ಹಾಗೆ, ಹಾಡಿನ ಒಂದು ಸಾಲು ಎತ್ತಿಕೊಟ್ಟಳು. ಒಂಬತ್ತು ಜನರ ಎಡಗಾಲು ಒಟ್ಟಿಗೆ ಹಿಂದೆ ಹೋಯಿತು, ಆಮೇಲೆ ಬಲಗಾಲು. ಗೊತ್ತಿಲ್ಲದ ಮೂವರೂ ಸಾಲಿನ ನಡುವೆ ಸಿಕ್ಕಿ ಕಲಿತರು. ಹಲಸಿನ ಮರದ ಬುಡದಲ್ಲಿ ಹಗ್ಗ ಕಿರ್ರೆಂದಿತು. ತ್ಯಾಂಪಣ್ಣ ಹೆಂಡತಿಯನ್ನು ನೋಡಿದ. ಪಂಜದ ಗದ್ದೆ ಅವನಿಗೆ ನೆನಪಾಗಿರಬೇಕು, ಆದರೆ ಆ ಮನುಷ್ಯ ಅದನ್ನೆಲ್ಲ ಹೇಳುವವನಲ್ಲ. "ನಾಳೆಯಿಂದ ನಾನು ಬರುದಿಲ್ಲ, ನಿಮಗೆ ಬೇಡ" ಅಂತ ಮಾತ್ರ ಹೇಳಿ ಹೋದ.

ಕೂಟದ ದಿನ ಬೆಳಿಗ್ಗೆ ಗಂಜಿ ಉಣ್ಣುವಾಗ ಅವನೇ ಮಾತೆತ್ತಿದ. "ಚೆನ್ನು, ನಾನು ಬಿಟ್ಟುಕೊಡುದಿಲ್ಲ. ಗೊತ್ತುಂಟಲ್ಲ? ನಾನು ಸಡಿಲ ಬಿಟ್ರೆ ಇವರು ಯಾರೂ ನಿಮ್ಮ ಗೆಲುವನ್ನು ಒಪ್ಪುದಿಲ್ಲ. ಹೆಂಡತಿಗೆ ಸೋತ ಅಂತ ಹೇಳಿ ಮುಗಿಸ್ತಾರೆ. ಹುಡುಗಿಯ ಓಟವೂ ಅಲ್ಲಿಗೆ ಹೋಯ್ತು."

"ಬಿಡಬೇಡಿ" ಅಂದಳು ಚೆನ್ನು. ಒಲೆಯ ಪಕ್ಕ ಕೂತಿದ್ದ ಸೇವಂತಿ ಎಲ್ಲ ಕೇಳಿಸಿಕೊಂಡಳು.

ಮಧ್ಯಾಹ್ನದವರೆಗೆ ಸುಡುವ ಬಿಸಿಲು. ಓಟಗಳು ಮುಗಿದವು, ಮಡಕೆ ಒಡೆಯಿತು, ಪಾಯಸ ಬಡಿಸಿಯಾಯಿತು. ಮೂರು ಗಂಟೆಗೆ ಸುಬ್ರಹ್ಮಣ್ಯದ ಗುಡ್ಡಗಳ ಕಡೆಯಿಂದ ಮೋಡ ಎದ್ದು ಗುಡುಗಿತು. ಒಂದು ಗಂಟೆ ಹೊತ್ತು ಮಳೆ ಹೊಯ್ದು ನಿಂತಾಗ ಬೋಜಪ್ಪ ಗೌಡರ ಗದ್ದೆ ಪುನಃ ಗದ್ದೆಯೇ ಆಗಿತ್ತು. ಕಾಲಿಟ್ಟರೆ ಪಾದ ಹೂತುಹೋಗುತ್ತಿತ್ತು.

ಮಾಸ್ಟ್ರು ಕೊಡೆಯ ಕೆಳಗೆ ಪಟ್ಟಿ ಮಡಚಿದರು. "ಇನ್ನು ಆಗುದಿಲ್ಲ. ಮುಂದಿನ ವರ್ಷ ನೋಡುವ."

ಮುಂದಿನ ಭಾನುವಾರದೊಳಗೆ ಗೌಡರು ಉಳುಮೆಗೆ ಎತ್ತು ಇಳಿಸುತ್ತಾರೆ. ಮುಂದಿನ ವರ್ಷದ ಹೊತ್ತಿಗೆ ಸೇವಂತಿ ಗೆರೆಯ ಹತ್ತಿರವೂ ಬರುವ ಹಾಗಿಲ್ಲ. ಚೆನ್ನು ಸೀರೆಯನ್ನು ಮೊಣಕಾಲಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಗೆ ಇಳಿದು ನಿಂತಳು.

"ಮಳೆ ಬಂತು ಅಂತ ಗದ್ದೆ ಬಿಟ್ಟು ಏಳುವವರು ನಾವಲ್ಲ ಮಾಸ್ಟ್ರೇ. ನಿಮಗೆ ಕಷ್ಟ ಆಗುದಾದ್ರೆ ಹೇಳಿ, ನಾವು ಗೆದ್ದ ಹಾಗೆ ಬರೀರಿ."

ಹನ್ನೊಂದು ಜನ ಅವಳ ಹಿಂದೆ ಇಳಿದರು. ಇನ್ನು ಗಂಡಸರು ಇಳಿಯದೆ ಉಂಟೇ? ಇಳಿದರು, ಮೂಗು ಮುರಿಯುತ್ತಾ. ಒಬ್ಬ ದರ್ಜಿ, ಒಬ್ಬ ಹೋಟೆಲಿನವ, ಇಬ್ಬರು ಗುಮಾಸ್ತರು, ಮಂಡಿಯ ಮೂವರು ಆಳುಗಳು, ತುದಿಯಲ್ಲಿ ತ್ಯಾಂಪಣ್ಣ. ಮೂಸಕುಂಞಿ ಹಗ್ಗದ ನಡುವೆ ಕೆಂಪು ಬಟ್ಟೆ ಕಟ್ಟಿದ.

ಮೊದಲನೇ ಸಲ ಸೋತರು. ಯಾಕೆ ಅಂದರೆ ಚೆನ್ನು ಹಾಡಲಿಲ್ಲ. ಬಾವಿಯ ಹಿಂದೆ ಗುನುಗುವುದು ಬೇರೆ, ಇಡೀ ಪೇಟೆಯ ಎದುರು ಗಂಟಲು ಬಿಡುವುದು ಬೇರೆ. ಒಡ್ಡಿನ ಮೇಲೆ ಮುನ್ನೂರು ಜನ ನಿಂತಿದ್ದರು. ಹಾಡಿದರೆ ನಾಳೆಯಿಂದ ತಾನು ಗದ್ದೆಯ ಹೆಂಗಸು. ಅವಳು ಒಂದು, ಎರಡು ಅಂತ ಎಣಿಸಿದಳು, ಆ ಎಣಿಕೆ ಮೂರನೆಯವಳ ಕಿವಿಯನ್ನೂ ಮುಟ್ಟಲಿಲ್ಲ. ಕೆಂಪು ಬಟ್ಟೆ ಸೀದಾ ಗಂಡಸರ ಕಡೆಗೆ ಹೋಯಿತು. ಒಡ್ಡಿನ ಮೇಲೆ ಸಿಳ್ಳೆ, ಚಪ್ಪಾಳೆ.

"ಚೆನ್ನು" ಅಂದಳು ದುಗ್ಗಮ್ಮ, ಮುಖದ ಕೆಸರು ಒರೆಸಿಕೊಳ್ಳುತ್ತಾ. "ನನ್ನ ಸೊಂಟ ನಿನ್ನ ಎಣಿಕೆಗೆ ಏಳುದಿಲ್ಲ. ಹಾಡುದಾದ್ರೆ ಹಾಡು. ಇಲ್ಲಾಂದ್ರೆ ಮನೆಗೆ ಹೋಗುವ."

ಚೆನ್ನು ಒಡ್ಡಿನ ಕಡೆ ನೋಡಿದಳು. ಪಾಯಸದ ಪಾತ್ರೆಯ ಹತ್ತಿರ ಸೇವಂತಿ ಕೂತಿದ್ದಳು, ಹೋದ ವರ್ಷ ಕೂರಿಸಿದ ಹಾಗೆಯೇ. ಮೂಸಕುಂಞಿ ಶುರು ಅಂತ ಕೈ ಕೆಳಗಿಳಿಸಿದ. ಚೆನ್ನು ಬಾಯಿ ತೆರೆದಳು.

ಹದಿನಾಲ್ಕು ವರ್ಷ ಮುಚ್ಚಿದ್ದ ಗಂಟಲು ಮೊದಲು ಒಡೆದು ಬಂತು, ಆಮೇಲೆ ತೆರೆದುಕೊಂಡಿತು. ಹನ್ನೊಂದು ಗಂಟಲು ಅದನ್ನು ಹಿಡಿದುಕೊಂಡವು. ಒಡ್ಡಿನ ಮೇಲಿನ ಸಿಳ್ಳೆ ನಿಂತಿತು. ಹೆಂಗಸರು ಜಗ್ಗಲೇ ಇಲ್ಲ. ಹಾಡಿನ ತೂಕ ಬೀಳುವಲ್ಲಿ ಒಂದು ಹೆಜ್ಜೆ ಹಿಂದೆ, ಹಿಮ್ಮಡಿ ಊರಿ ನಿಲುಗಡೆ, ಮತ್ತೆ ಒಂದು ಹೆಜ್ಜೆ. ಕೆಸರಿನಲ್ಲಿ ಎಲ್ಲಿ ಕಾಲಿಡಬೇಕು ಅಂತ ಅವರ ಪಾದಕ್ಕೆ ಗೊತ್ತಿತ್ತು. ಗುಮಾಸ್ತರಿಗೆ ಎಲ್ಲಿಂದ ಗೊತ್ತಿರಬೇಕು? ಅವರು ಮೊದಲು ಜಾರಿದರು. ಅವರ ಮೇಲೆ ದರ್ಜಿ. ಎರಡನೇ ಸಲದ್ದು ಹೆಂಗಸರದ್ದಾಯಿತು.

ಮೂರನೇ ಸಲ ಗಂಡಸರು ನಗಲಿಲ್ಲ. ತ್ಯಾಂಪಣ್ಣ ಹಗ್ಗವನ್ನು ಸೊಂಟಕ್ಕೆ ಎರಡು ಸುತ್ತು ಹಾಕಿಕೊಂಡ, ಕೆಸರು ಕೆದರಿ ಗಟ್ಟಿ ನೆಲ ಹುಡುಕಿ ಹಿಮ್ಮಡಿ ಊರಿದ. ಕೆಂಪು ಬಟ್ಟೆ ಆ ಕಡೆಗೆ ಒಂದು ಗೇಣು ಹೋಯಿತು, ಈ ಕಡೆಗೆ ಒಂದು ಗೇಣು ಬಂತು, ಅಲ್ಲೇ ನಿಂತಿತು. ಚೆನ್ನುವಿನ ಅಂಗೈ ಉರಿಯುತ್ತಿತ್ತು. ಹಗ್ಗದ ಆ ತುದಿಯಲ್ಲಿ ಗಂಡನ ಕತ್ತಿನ ನರ ಉಬ್ಬಿದ್ದು ಅವಳಿಗೆ ಕಾಣುತ್ತಿತ್ತು. ಈ ಮನುಷ್ಯ ನಿಜವಾಗಿಯೂ ಬಿಡುವುದಿಲ್ಲ ಅಂತ ಅವಳಿಗೆ ಸಿಟ್ಟೂ ಬಂತು, ಅಷ್ಟೇ ಪ್ರೀತಿಯೂ ಬಂತು. ಹಾಡಿನ ಸಾಲು ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಗದ್ದೆಯ ಹಾಡಿಗೆ ಕೊನೆ ಎಲ್ಲಿದೆ? ಗದ್ದೆ ಮುಗಿಯುವವರೆಗೆ ಹಾಡಬೇಕು. ಗಂಡಸರಿಗೆ ಜಗ್ಗಿ ಜಗ್ಗಿ ದಮ್ಮು ಕಟ್ಟಿತು, ಹೆಂಗಸರಿಗೆ ಹಾಡಿನೊಳಗೇ ಉಸಿರು ತೆಗೆಯುವ ಜಾಗ ಇತ್ತು. ಹೋಟೆಲಿನವನ ಕಾಲು ಜಾರಿತು, ಮಂಡಿಯ ಆಳುಗಳು ಮಂಡಿಯೂರಿದರು. ಕೊನೆಗೆ ತ್ಯಾಂಪಣ್ಣ ಒಬ್ಬನೇ ನಿಂತಿದ್ದ. ಹನ್ನೆರಡು ಹೆಂಗಸರು ಅವನನ್ನು ನಿಂತ ಹಾಗೆಯೇ ಎರಡು ಮಾರು ಎಳೆದುಕೊಂಡು ಬಂದರು, ಆಮೇಲೆ ಅವನು ಕೂತ, ಕೂತಲ್ಲಿಂದಲೂ ಹಗ್ಗ ಬಿಡಲಿಲ್ಲ.

ಮೂಸಕುಂಞಿ ಹೆಂಗಸರ ಕಡೆಗೆ ಕೈ ಎತ್ತಿದ.

ಹೆಂಡತಿಗೆ ಬಿಟ್ಟುಕೊಟ್ಟ ಅಂತ ಒಡ್ಡಿನ ಮೇಲೆ ಯಾರೋ ಅಂದರು, ಅನ್ನದೇ ಇರುತ್ತಾರೆಯೇ? ತ್ಯಾಂಪಣ್ಣ ಎದ್ದು ಹೋಗಿ ಅವನ ಮುಖದ ಮುಂದೆ ಎರಡೂ ಕೈ ಬಿಡಿಸಿ ಹಿಡಿದ. ಹದಿನಾಲ್ಕು ವರ್ಷ ಮೂಟೆ ಹೊತ್ತು ದಡ್ಡುಗಟ್ಟಿದ ಅಂಗೈಯ ಚರ್ಮ ಕಿತ್ತುಬಂದಿತ್ತು. ಆಮೇಲೆ ಆ ಮಾತು ಯಾರೂ ಆಡಲಿಲ್ಲ.

ಮಾಸ್ಟ್ರು ತಲೆ ಕೆರೆದುಕೊಂಡರು. ಆದರೆ ಪಟ್ಟಿಯಲ್ಲಿ ಬರೆದದ್ದನ್ನು ನಡೆಸದೆ ಬಿಡುವ ಜಾತಿಯ ಮನುಷ್ಯ ಅಲ್ಲ ಅವರು. ಒಡ್ಡಿನ ಪಕ್ಕದಲ್ಲಿ ನೆಲ ಸ್ವಲ್ಪ ಗಟ್ಟಿ ಇದ್ದಲ್ಲಿ ಕೊಡೆಯ ತುದಿಯಿಂದ ಗೆರೆ ಎಳೆದರು. ಹೆಣ್ಣು ಮಕ್ಕಳ ಓಟ ಅಂತ ಕೂಗಿದರು. ಯಾರೂ ಬರಲಿಲ್ಲ. ತಾಯಂದಿರು ಮುಖ ಮುಖ ನೋಡಿಕೊಂಡರು. ದುಗ್ಗಮ್ಮ ಮೊಮ್ಮಗಳ ಬೆನ್ನಿಗೆ ಒಂದು ಕೊಟ್ಟು ನೂಕಿದಳು. ಮಾಸ್ಟ್ರ ಮೊಮ್ಮಗಳು ಕಮಲಾವತಿ ಯಾರನ್ನೂ ಕೇಳದೆ ಓಡಿಬಂದಳು. ಒಬ್ಬೊಬ್ಬರೇ ಬಂದು ಆರು ಜನ ಆದರು.

ಸೇವಂತಿ ಪಾಯಸದ ಪಾತ್ರೆಯ ಹತ್ತಿರದಿಂದ ಏಳಲಿಲ್ಲ. ಚೆನ್ನುವಿಗೆ ಕರೆಯಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಹೋದ ವರ್ಷ ನಕ್ಕ ಬಾಯಿ ಅದು. ಈಗ ಯಾವ ಮುಖದಲ್ಲಿ ಕರೆಯುವುದು?

ಹೋದವರು ಮಾಸ್ಟ್ರು. ಪಂಚೆ ಎತ್ತಿಕೊಂಡು ಕೆಸರು ದಾಟಿ ಹುಡುಗಿಯ ಎದುರು ನಿಂತರು. ಈ ಸಲ ರಟ್ಟೆ ಹಿಡಿಯಲಿಲ್ಲ. "ಗೆರೆ ಎಳೆದಾಗಿದೆ ಮಗಾ" ಅಂದರು. "ನೀನು ಬಾರದೆ ಸೀಟಿ ಊದ್ಲಿಕ್ಕೆ ನನಗೆ ಮನಸ್ಸಾಗುದಿಲ್ಲ." ಸೇವಂತಿ ಅವರನ್ನು ನೋಡಿದಳು, ತಲೆಯಿಂದ ಕಾಲಿನವರೆಗೆ ಕೆಸರಾಗಿ ನಿಂತ ತಾಯಿಯನ್ನು ನೋಡಿದಳು. ಎದ್ದು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

ಮುಂದೆ ಆ ಓಟ ವರ್ಷ ವರ್ಷವೂ ಪಟ್ಟಿಯಲ್ಲಿ ಬಂತು. ಅರವತ್ತಮೂರರ ಹೊತ್ತಿಗೆ ಹೆಂಗಸರ ಹಗ್ಗಕ್ಕೆ ಬೇರೆ ಎರಡು ಕೇರಿಗಳಿಂದಲೂ ತಂಡಗಳು ಬಂದವು, ಅವರವರ ಊರಿನ ಹಾಡು ಸಮೇತ. ಚೆನ್ನಕ್ಕ ಬೀಡಿ ಕಟ್ಟುವಾಗಲೂ ಹಾಡತೊಡಗಿದಳು, ಕೇರಿಯ ಜಗಲಿಗಳು ಅದನ್ನು ಹಿಡಿದುಕೊಂಡವು. ಸೇವಂತಿ ಮದುವೆಯಾಗಿ ಸುಳ್ಯಕ್ಕೆ ಹೋಗುವವರೆಗೆ ಕೇರಿಯ ಹುಡುಗಿಯರನ್ನು ಸಾಲು ನಿಲ್ಲಿಸಿ ಸೀಟಿ ಊದುವ ಕೆಲಸ ಅವಳದ್ದಾಯಿತು. ಇದೆಲ್ಲ ಆಮೇಲಿನ ಮಾತು.

ಅವತ್ತಿನ ಓಟದಲ್ಲಿ ಸೇವಂತಿ ಮೂರನೆಯವಳಾದಳು.

ಕೂಟ ಚದುರಿದ ಮೇಲೆ ತಾಯಿ ಮಗಳು ಬಾವಿಕಟ್ಟೆಗೆ ಬಂದರು. ಇನ್ನೂ ಬೆಳಕಿತ್ತು. ಚೆನ್ನು ಸುಲಿದ ಕೈಯಲ್ಲಿ ಹೇಗೋ ನೀರು ಸೇದಿ ಮಗಳ ಕಾಲಿಗೆ ಹೊಯ್ದಳು. ಗೆಲ್ಲಲಿಲ್ಲವಲ್ಲ ಅಂತ ಒಳಗೆ ಪಿಚ್ಚೆನ್ನುತ್ತಿತ್ತು. ಇಷ್ಟೆಲ್ಲ ಮಾಡಿ ಹುಡುಗಿ ಇನ್ನೂ ಮಂಕಾದರೆ ಅಂತ ಹೆದರಿಕೆ.

"ಆ ಕಮಲಾವತಿ ಉಂಟಲ್ಲ" ಅಂದಳು ಸೇವಂತಿ ಒಮ್ಮೆಲೇ. "ಅವಳು ಮೊಣಕೈ ಹಾಕಿದ್ಳು. ನಾನು ನೋಡಿದ್ದೇನೆ. ಮಾಸ್ಟ್ರು ನೋಡ್ಲಿಲ್ಲ, ನೋಡಿದ್ರೂ ಹೇಳುದಿಲ್ಲ, ಅವರ ಮೊಮ್ಮಗಳಲ್ವಾ. ನಾನು ಅರ್ಧದವರೆಗೆ ಮುಂದೆ ಇದ್ದೆ ಅಮ್ಮ. ಆಮೇಲೆ ಆ ಹೊಂಡ. ಹೊಂಡ ಇಲ್ಲದಿದ್ರೆ ಅವಳ ಮೊಣಕೈ ನನಗೆ ತಾಗ್ತಾನೇ ಇರ್ಲಿಲ್ಲ. ಮುಂದಿನ ವರ್ಷ ಬರ್ಲಿ, ತೋರಿಸ್ತೇನೆ ಅವಳಿಗೆ. ಒಂದು ವರ್ಷ ಕೂತು ಕೂತು ನನ್ನ ಕಾಲು ಮರದ ಹಾಗೆ ಆಗಿದೆ, ನಾಳೆಯಿಂದ ಅಪ್ಪನ ಬುತ್ತಿ ನಾನೇ ಕೊಂಡೋಗ್ತೇನೆ, ನೀನು ಬೇಡ ಹೇಳ್ಬಾರ್ದು."

ಹೇಳಿದಳು, ಹೇಳುತ್ತಲೇ ಇದ್ದಳು. ಮೊಣಕೈ, ಹೊಂಡ, ಸೀಟಿ ಊದಿದ್ದು ತಡ, ಗೆರೆ ಸೊಟ್ಟ. ಕೈ ಬೀಸಿ ಬೀಸಿ ಹೇಳುವ ಭರದಲ್ಲಿ ಕೊಡದ ನೀರು ಚೆಲ್ಲಿತು. ನೀರಿಗೆ ಬಂದ ತ್ಯಾಂಪಣ್ಣ ಕಟ್ಟೆಯ ಆಚೆ ನಿಂತುಬಿಟ್ಟ, ಹತ್ತಿರ ಬಂದರೆ ಮಗಳ ಮಾತು ಎಲ್ಲಿ ನಿಲ್ಲುತ್ತದೋ ಅಂತ. ಎಲ್ಲ ಮುಗಿದು ಹುಡುಗಿ ಉಸಿರು ತೆಗೆದುಕೊಂಡಳು.

ಚೆನ್ನು ಇನ್ನೊಂದು ಕೊಡ ಬಾವಿಗೆ ಇಳಿಬಿಟ್ಟಳು. ಅಂಗೈ ಸುಡುತ್ತಿತ್ತು. ಅವಳು ಮಗಳ ಕಡೆ ತಿರುಗಲಿಲ್ಲ, ತಿರುಗಿದರೆ ಅಳು ಬರುತ್ತಿತ್ತು.

"ನನಗೆ ಸರಿ ಗೊತ್ತಾಗ್ಲಿಲ್ಲ" ಅಂದಳು. "ಮೊದಲಿಂದ ಹೇಳು."